ಬೂದನಿಗೆ ವಯಸ್ಸಾದಾಗ: ಸಾಕು ಇಲಿಯೊಂದರ ಮುಪ್ಪಿನ ಆರೈಕೆ

ಸಾಕು ಇಲಿಯ ಆಯುಷ್ಯ ಸಾಮಾನ್ಯವಾಗಿ ಎರಡರಿಂದ ಮೂರು ವರ್ಷ ಮಾತ್ರ. ಒಂದೂವರೆ ವರ್ಷ ದಾಟಿತೆಂದರೆ ಅದರ ದೇಹ ಮುಪ್ಪಿನ ಕಡೆಗೆ ಹೊರಳಿತೆಂದೇ ಲೆಕ್ಕ. ನಮ್ಮ ಮನೆಯ ಬೂದ ಎಂಬ ಗಂಡು ಇಲಿ ಎರಡೂವರೆ ವರ್ಷದ ಆಸುಪಾಸಿನಲ್ಲಿ ಈಚೆಗೆ ತೀರಿಕೊಂಡ. ಅವನ ಕೊನೆಯ ಕೆಲವು ತಿಂಗಳು ನಮ್ಮ ದಿನಚರಿಯೆಲ್ಲ ಅವನ ಕಾಲು, ಉಸಿರು ಮತ್ತು ಹಸಿವಿನ ಸುತ್ತಲೇ ನಡೆಯಿತು. ಆಗ ನನಗೆ ಬೇಕಾಗಿದ್ದ ಮಾಹಿತಿ ಚೂರುಚೂರಾಗಿ, ಒಂದಕ್ಕೊಂದು ಹೊಂದದಂತೆ ಸಿಗುತ್ತಿತ್ತು. ಇನ್ನೊಬ್ಬರು ಅದೇ ದಾರಿಯಲ್ಲಿ ತಡಕಾಡದಿರಲಿ ಎಂದು ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ. ಇಲಿಯ ಮುಪ್ಪಿನಲ್ಲಿ ಕಾಣುವ ಪ್ರತಿಯೊಂದು ತೊಂದರೆಗೂ ‘ವಯಸ್ಸಾಯಿತಲ್ಲ’ ಎಂಬ ಉತ್ತರ ಎಲ್ಲರ ಬಾಯಲ್ಲೂ ಸಿದ್ಧವಾಗಿರುತ್ತದೆ. ಆ ಉತ್ತರವನ್ನು ಅಷ್ಟು ಸುಲಭವಾಗಿ ಒಪ್ಪಿಕೊಳ್ಳಬಾರದು ಎಂಬುದೇ ಈ ಬರಹದ ಮುಖ್ಯ ಮಾತು.

ಮೊದಲ ಸುಳಿವು ಸಿಕ್ಕಿದ್ದು ಪಂಜರದ ಮೇಲಿನ ಅಂತಸ್ತಿನಲ್ಲಿ. ಒಂದೇ ನೆಗೆತಕ್ಕೆ ಜೋಲಿಯೊಳಗೆ ಬೀಳುತ್ತಿದ್ದ ಬೂದ, ಅಂಚಿನಲ್ಲಿ ನಿಂತು ಯೋಚಿಸುವವನ ಹಾಗೆ ಹಿಂದೆ ಮುಂದೆ ತೂಗಾಡತೊಡಗಿದ. ಆಮೇಲೆ ಬೆನ್ನಿನ ಕೂದಲು ಒರಟಾಯಿತು, ಸೊಂಟದ ಭಾಗದಲ್ಲಿ ಹಳದಿ ಹೊಟ್ಟು ಕಟ್ಟಿಕೊಂಡಿತು. ಇಲಿಗಳು ತಮ್ಮ ಮೈಯನ್ನು ತಾವೇ ಬಹಳ ಶುಚಿಯಾಗಿ ಇಟ್ಟುಕೊಳ್ಳುವ ಪ್ರಾಣಿಗಳು. ಬೆನ್ನಿನವರೆಗೆ ತಿರುಗಿ ನೆಕ್ಕಿಕೊಳ್ಳಲು ಆಗದಿದ್ದಾಗ ಹೀಗಾಗುತ್ತದೆ. ನಡೆಯುವಾಗ ಹಿಂಗಾಲಿನ ಹಿಮ್ಮಡಿ ನೆಲಕ್ಕೆ ತಾಗುತ್ತಿತ್ತು, ಪಾದ ಚಪ್ಪಟೆಯಾಗಿ ಬೀಳುವ ಸಣ್ಣ ಸದ್ದು ರಾತ್ರಿ ಕೇಳುತ್ತಿತ್ತು.

ವಾರಕ್ಕೊಮ್ಮೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಬರೆದಿಡುವ ಅಭ್ಯಾಸ ನಮಗಿತ್ತು. ಬೆಳೆದ ಗಂಡು ಇಲಿ ಸುಮಾರು 450ರಿಂದ 650 ಗ್ರಾಂ ತೂಗುತ್ತದೆ. ಅಷ್ಟು ಸಣ್ಣ ದೇಹದಲ್ಲಿ ಮೂವತ್ತು ಗ್ರಾಂ ಇಳಿದರೂ ಕೈಗೆ, ಕಣ್ಣಿಗೆ ತಿಳಿಯುವುದಿಲ್ಲ, ಅಂಕಿಗೆ ಮಾತ್ರ ತಿಳಿಯುತ್ತದೆ. ಬೂದನ ಅಂಕಿ ನಿಧಾನವಾಗಿ ಕೆಳಗೆ ಜಾರುತ್ತಿತ್ತು. ನಿಮ್ಮ ಇಲಿಗೆ ಒಂದು ವರ್ಷ ತುಂಬುತ್ತಿದ್ದಂತೆಯೇ ಈ ಲೆಕ್ಕ ಶುರು ಮಾಡಿ. ಆರೋಗ್ಯವಾಗಿದ್ದಾಗ ಎಷ್ಟಿತ್ತು ಎಂಬುದು ಬರಹದಲ್ಲಿ ಇಲ್ಲದಿದ್ದರೆ ಕಾಯಿಲೆ ಬಂದಾಗ ಬರೆದ ಅಂಕಿಗೆ ಅರ್ಥವಿರುವುದಿಲ್ಲ.

ವೈದ್ಯರನ್ನು ಹುಡುಕುವ ಕೆಲಸ ನಾವು ಎಣಿಸಿದ್ದಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಫೋನು ಮಾಡಿದ ಮೊದಲ ಚಿಕಿತ್ಸಾಲಯದವರು ನಾಯಿ, ಬೆಕ್ಕು ಬಿಟ್ಟರೆ ಬೇರೆ ಪ್ರಾಣಿ ನೋಡುವುದಿಲ್ಲ ಎಂದರು. ಇನ್ನೊಂದು ಕಡೆ ನೋಡುತ್ತೇವೆ ಎಂದರೂ, ಯಾವ ಅರಿವಳಿಕೆ ಬಳಸುತ್ತೀರಿ ಎಂದು ಕೇಳಿದ್ದಕ್ಕೆ ಸ್ಪಷ್ಟ ಉತ್ತರ ಬರಲಿಲ್ಲ. ನಾನು ಕೇಳುತ್ತಿದ್ದ ಪ್ರಶ್ನೆಗಳನ್ನು ಇಲ್ಲಿ ಬರೆಯುತ್ತೇನೆ, ಏಕೆಂದರೆ ಇವುಗಳಿಂದಲೇ ಅನುಭವಿ ವೈದ್ಯರು ಯಾರೆಂದು ತಿಳಿದುಬಿಡುತ್ತದೆ: ಇಲಿಗಳನ್ನು ನಿಯಮಿತವಾಗಿ ನೋಡುತ್ತೀರಾ? ಐಸೊಫ್ಲುರೇನ್‌ನಂಥ ಅನಿಲ ಅರಿವಳಿಕೆಯ ವ್ಯವಸ್ಥೆ ಇದೆಯೇ? ಶಸ್ತ್ರಚಿಕಿತ್ಸೆಗೆ ಮುಂಚೆ ಇಲಿಯನ್ನು ಉಪವಾಸ ಇಡಬೇಕೇ? ಈ ಕೊನೆಯ ಪ್ರಶ್ನೆಗೆ ‘ಹೌದು, ರಾತ್ರಿಯಿಂದಲೇ ಏನೂ ಕೊಡಬೇಡಿ’ ಎಂಬ ಉತ್ತರ ಬಂದರೆ ಬೇರೆಯವರನ್ನು ಹುಡುಕುವುದು ಒಳ್ಳೆಯದು. ಇಲಿಗೆ ವಾಂತಿ ಮಾಡುವ ಸಾಮರ್ಥ್ಯವೇ ಇಲ್ಲ, ಆದ್ದರಿಂದ ನಾಯಿಗೆ ಹೇಳುವ ಕಾರಣ ಇಲ್ಲಿ ಅನ್ವಯಿಸುವುದಿಲ್ಲ. ಬದಲಿಗೆ ದೀರ್ಘ ಉಪವಾಸದಿಂದ ಅದರ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯಬಹುದು.

ಕೊನೆಗೆ ಸಣ್ಣ ಪ್ರಾಣಿಗಳನ್ನೇ ಹೆಚ್ಚಾಗಿ ನೋಡುವ ವೈದ್ಯೆಯೊಬ್ಬರು ಸಿಕ್ಕರು, ಆದರೆ ಅವರ ಭೇಟಿಗೆ ಕಾಯಬೇಕಿತ್ತು. ಮನುಷ್ಯನಿಗೆ ಎರಡು ವಾರ ಕಾಯುವುದು ದೊಡ್ಡ ಸಂಗತಿಯಲ್ಲ. ಇಲಿಯ ಆಯುಷ್ಯದಲ್ಲಿ ಅದು ಹಲವು ತಿಂಗಳಿಗೆ ಸಮ. ಈ ಅಳತೆಯನ್ನು ಚಿಕಿತ್ಸಾಲಯದ ಮುಂಗಟ್ಟಿನಲ್ಲಿ ಕುಳಿತವರಿಗೆ ವಿವರಿಸಿ ಹೇಳಿದ ಮೇಲೆ, ಯಾರಾದರೂ ಬರದಿದ್ದರೆ ಆ ಸಮಯ ನಮಗೆ ಕೊಡುವುದಾಗಿ ಒಪ್ಪಿದರು, ಕೊಟ್ಟರು ಕೂಡ. ಆದ್ದರಿಂದ ಸಂಕೋಚ ಬಿಟ್ಟು ಕೇಳಿ. ಇನ್ನೂ ಒಳ್ಳೆಯ ದಾರಿಯೆಂದರೆ, ಇಲಿ ಆರೋಗ್ಯವಾಗಿರುವಾಗಲೇ ಒಮ್ಮೆ ತೋರಿಸಿ ಹೆಸರು ದಾಖಲಿಸಿಡುವುದು.

ಹೋಗುವಾಗ ಜೊತೆಗೆ ಒಯ್ದದ್ದು ಇಷ್ಟು: ತೂಕದ ಪುಸ್ತಕ, ಹುಟ್ಟಿದ ತಿಂಗಳ ದಾಖಲೆ, ಹಿಂದೆ ಕೊಟ್ಟಿದ್ದ ಔಷಧಗಳ ಚೀಟಿ, ಮತ್ತು ಬೂದ ಮನೆಯಲ್ಲಿ ನಡೆದಾಡುವ, ತಿನ್ನುವ ಕೆಲವು ವಿಡಿಯೊ ತುಣುಕುಗಳು. ವಿಡಿಯೊ ಬಹಳ ಉಪಯೋಗಕ್ಕೆ ಬಂತು. ಪರೀಕ್ಷೆಯ ಮೇಜಿನ ಮೇಲೆ ಹೆದರಿದ ಇಲಿ ಕಲ್ಲಿನಂತೆ ಕೂತುಬಿಡುತ್ತದೆ, ಅದರ ನಡಿಗೆ ವೈದ್ಯರಿಗೆ ಕಾಣುವುದೇ ಇಲ್ಲ. ಅವನ ಜೊತೆಗಾರ ಪುಟ್ಟನನ್ನೂ ಅದೇ ಪೆಟ್ಟಿಗೆಯಲ್ಲಿ ಕರೆದೊಯ್ದಿದ್ದೆವು. ಇಲಿಗಳು ಗುಂಪಿನಲ್ಲಿ ಬಾಳುವ ಜೀವಿಗಳಾದ್ದರಿಂದ ಒಂಟಿಯಾಗಿ ಒಯ್ದರೆ ಗಾಬರಿ ಹೆಚ್ಚು. ಒಂದನ್ನೇ ಒಯ್ದು ಬೇರೆ ವಾಸನೆ ಮೆತ್ತಿಕೊಂಡು ಮರಳಿ ತಂದರೆ ಮನೆಯಲ್ಲಿದ್ದದ್ದು ಅದರೊಂದಿಗೆ ಜಗಳಕ್ಕೆ ನಿಲ್ಲುವುದೂ ಉಂಟು. ಕಾಯುವ ಕೋಣೆಯಲ್ಲಿ ಬೆಕ್ಕುಗಳಿದ್ದುದರಿಂದ ಪೆಟ್ಟಿಗೆಗೆ ಬಟ್ಟೆ ಮುಚ್ಚಿ ಹೊರಗೇ ಕುಳಿತು, ಸರದಿ ಬಂದಾಗ ಕರೆಯಿರಿ ಎಂದು ಹೇಳಿಬಂದೆವು. ಯಾರೂ ಬೇಸರಿಸಲಿಲ್ಲ.

ಪರೀಕ್ಷೆಯಲ್ಲಿ ವೈದ್ಯೆ ಮೊದಲು ಗಮನಿಸಿದ್ದು ಹಿಂಗಾಲನ್ನಲ್ಲ, ಮುಂಗಾಲನ್ನು. ಬೂದನ ಮುಂದೆ ಒಂದು ತಿನಿಸು ಹಿಡಿದರು. ಅವನು ಎರಡೂ ಕೈಗಳಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ತಿಂದ. ಅದನ್ನು ನೋಡಿ ಅವರು ಸ್ವಲ್ಪ ನಿರಾಳರಾದದ್ದು ನನಗೆ ಕಂಡಿತು. ಕಾರಣವನ್ನು ಅವರೇ ವಿವರಿಸಿದರು. ವಯಸ್ಸಾದ ಇಲಿಗಳಲ್ಲಿ, ಅದರಲ್ಲೂ ಗಂಡುಗಳಲ್ಲಿ, ಬೆನ್ನುಹುರಿಯಿಂದ ಹೊರಡುವ ನರಗಳ ಬೇರಿನ ಬಳಿ ಮಯಲಿನ್ ಎಂಬ ಹೊದಿಕೆ ಸವೆಯುತ್ತಾ ಹೋಗಿ ಹಿಂಗಾಲು ನಿಧಾನವಾಗಿ ಬಲ ಕಳೆದುಕೊಳ್ಳುತ್ತದೆ. ಇದು ತಿಂಗಳುಗಟ್ಟಲೆ ನಡೆಯುವ ಕ್ರಿಯೆ, ಸಾಮಾನ್ಯವಾಗಿ ಎರಡೂ ಕಾಲಿಗೆ ಒಟ್ಟಿಗೇ ಬರುತ್ತದೆ, ಸ್ವತಃ ನೋವು ಕೊಡುವುದಿಲ್ಲ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಗೆಡ್ಡೆ ಬೆಳೆದರೂ ನಡಿಗೆ ಕೆಡುತ್ತದೆ, ಆದರೆ ಅಲ್ಲಿ ಮುಂಗಾಲುಗಳೂ ಸೆಟೆದುಕೊಳ್ಳುತ್ತವೆ, ತಿನಿಸು ಹಿಡಿಯಲು ಬರುವುದಿಲ್ಲ, ಇಲಿ ಗೋಡೆಗೆ ತಲೆ ಒತ್ತಿ ನಿಲ್ಲುತ್ತದೆ ಅಥವಾ ಸುತ್ತು ಹಾಕುತ್ತದೆ. ಅದು ತಿಂಗಳುಗಳಲ್ಲ, ದಿನಗಳಲ್ಲಿ, ವಾರಗಳಲ್ಲಿ ಬಿಗಡಾಯಿಸುತ್ತದೆ. ತಲೆ ಒಂದೇ ಕಡೆಗೆ ವಾಲಿದ್ದರೆ ಒಳಗಿವಿಯ ಸೋಂಕೂ ಇರಬಹುದು, ಅದಕ್ಕೆ ಬೇಗನೆ ಆಂಟಿಬಯಾಟಿಕ್ ಶುರು ಮಾಡಿದರೆ ಗುಣವಾಗುವ ಸಾಧ್ಯತೆ ಚೆನ್ನಾಗಿದೆ. ಅಂಗಾಲಿನ ಹುಣ್ಣಿನಿಂದ, ಹೃದಯದ ದೌರ್ಬಲ್ಯದಿಂದ, ಬಿದ್ದ ಪೆಟ್ಟಿನಿಂದ ಕೂಡ ಕಾಲು ಎಳೆಯುವುದುಂಟು. ಇಷ್ಟೆಲ್ಲವನ್ನೂ ‘ವಯಸ್ಸು’ ಎಂಬ ಒಂದೇ ಚೀಲಕ್ಕೆ ತುಂಬಿದರೆ, ಔಷಧ ಇರುವ ಕಾಯಿಲೆಯೂ ಔಷಧವಿಲ್ಲದ್ದರ ಜೊತೆಗೆ ಹೋಗಿಬಿಡುತ್ತದೆ.

ಬೆನ್ನುಮೂಳೆಯಲ್ಲಿ ಮುರಿತ ಅಥವಾ ಗೆಡ್ಡೆ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಎಕ್ಸ್‌ರೇ ತೆಗೆಯಬೇಕೆಂದರು. ಇಲಿ ಅಲುಗದೆ ಮಲಗಬೇಕಾದ್ದರಿಂದ ಸ್ವಲ್ಪ ಹೊತ್ತು ಅರಿವಳಿಕೆ ಅನಿವಾರ್ಯ, ಅದಕ್ಕೊಂದು ಒಪ್ಪಿಗೆ ಪತ್ರ. ಆ ಪತ್ರದಲ್ಲಿ ಅರಿವಳಿಕೆಯಿಂದ ಸಾವು ಸಂಭವಿಸಬಹುದು ಎಂಬ ಸಾಲಿತ್ತು, ಜೊತೆಗೆ ಹೃದಯ ನಿಂತರೆ ಮರಳಿ ಬದುಕಿಸಲು ಯತ್ನಿಸಬೇಕೇ ಬೇಡವೇ ಎಂದು ಗುರುತು ಹಾಕುವ ಚೌಕವೂ ಇತ್ತು. ಅಲ್ಲಿ ನನ್ನ ಕೈ ಕೊಂಚ ಹೊತ್ತು ನಿಂತಿತು. ಮುಂಗಟ್ಟಿನಲ್ಲಿ ನಿಂತು ಅವಸರದಲ್ಲಿ ನಿರ್ಧರಿಸುವ ಪ್ರಶ್ನೆ ಅದಲ್ಲ. ಮನೆಯವರೊಂದಿಗೆ ಮೊದಲೇ ಮಾತಾಡಿಕೊಂಡು ಹೋಗುವುದು ಒಳ್ಳೆಯದು. ಬೂದ ಅರಿವಳಿಕೆಯಿಂದ ಚೆನ್ನಾಗಿಯೇ ಎದ್ದ. ಮೂಳೆಗಳಲ್ಲಿ ದೋಷವಿರಲಿಲ್ಲ. ಹಿಂಗಾಲಿನ ನರಗಳ ಸವೆತ ಎಂದು ದಾಖಲೆಯಲ್ಲಿ ಬರೆದರು, ಅದನ್ನು ಹಿಂದಿರುಗಿಸುವ ಔಷಧವಿಲ್ಲ ಎಂದೂ ಹೇಳಿದರು.

ಆದರೆ ಅದೇ ಭೇಟಿಯಲ್ಲಿ ಎದೆಗೆ ಸಣ್ಣ ಸ್ಟೆತೊಸ್ಕೋಪ್ ಇಟ್ಟು ಕೇಳಿದಾಗ ಇನ್ನೊಂದು ಸಂಗತಿ ಹೊರಬಿತ್ತು: ಶ್ವಾಸಕೋಶದಲ್ಲಿ ಗೊರಗೊರ ಸದ್ದು. ಸಾಕು ಇಲಿಗಳಲ್ಲಿ ಬಹುಪಾಲು ಮೈಕೋಪ್ಲಾಸ್ಮಾ ಪಲ್ಮೋನಿಸ್ ಎಂಬ ಬ್ಯಾಕ್ಟೀರಿಯಾವನ್ನು ಎಳವೆಯಿಂದಲೇ ಹೊತ್ತಿರುತ್ತವೆ. ಯೌವನದಲ್ಲಿ ಅದು ಅಡಗಿರುತ್ತದೆ, ಮುಪ್ಪಿನಲ್ಲಿ ತಲೆಯೆತ್ತುತ್ತದೆ. ಪೂರ್ತಿ ತೊಲಗಿಸಲು ಸಾಧ್ಯವಿಲ್ಲ, ಹತ್ತಿಕ್ಕಬಹುದು ಅಷ್ಟೆ. ಮೂಗಿನ ಸುತ್ತ, ಕಣ್ಣಿನ ಮೂಲೆಯಲ್ಲಿ ಕಂಡಿದ್ದ ಕೆಂಪು ಬಣ್ಣವನ್ನು ನಾನು ರಕ್ತವೆಂದು ಹೇಳಿದ್ದಕ್ಕೆ ಅವರು ನಕ್ಕು, ಅದು ಪೋರ್ಫಿರಿನ್ ಎಂಬ ವರ್ಣದ್ರವ್ಯ, ಕಣ್ಣಿನ ಹಿಂದಿರುವ ಗ್ರಂಥಿಯಿಂದ ಒಸರುತ್ತದೆ, ಕಾಯಿಲೆ ಅಥವಾ ಒತ್ತಡದಲ್ಲಿ ಹೆಚ್ಚು ಬರುತ್ತದೆ ಎಂದು ತಿಳಿಸಿದರು. ನೇರಳಾತೀತ ದೀಪದಡಿಯಲ್ಲಿ ಅದು ಕೆಂಪಗೆ ಹೊಳೆಯುತ್ತದೆ, ರಕ್ತ ಹೊಳೆಯುವುದಿಲ್ಲ. ಕೆಂಪು ಕಂಡ ತಕ್ಷಣ ಗಾಬರಿ ಬೇಡ, ಆದರೆ ದಿನವೂ ಕಂಡರೆ ಏನೋ ಸರಿಯಿಲ್ಲವೆಂದೇ ತಿಳಿಯಬೇಕು. ಡಾಕ್ಸಿಸೈಕ್ಲಿನ್ ಮತ್ತು ಎನ್ರೊಫ್ಲಾಕ್ಸಸಿನ್ ಎಂಬ ಎರಡು ಆಂಟಿಬಯಾಟಿಕ್‌ಗಳನ್ನು ಒಟ್ಟಿಗೆ ಹಲವು ವಾರ ಕೊಡಲು ಬರೆದರು.

ಔಷಧ ಕುಡಿಸುವ ಭಾಗವೇ ಮನೆಯಲ್ಲಿ ಅತಿ ಕಷ್ಟದ ಭಾಗವಾಯಿತು. ಸೂಜಿಯಿಲ್ಲದ 1 ಮಿಲಿಲೀಟರ್ ಸಿರಿಂಜಿನಲ್ಲಿ ಹತ್ತನೇ ಒಂದಂಶದಷ್ಟು ದ್ರವ ಎಳೆದು, ಬಾಯಿಯ ಪಕ್ಕದಿಂದ ಹನಿಹನಿಯಾಗಿ ಬಿಡಬೇಕು. ನೇರ ಗಂಟಲಿಗೆ ಚಿಮ್ಮಿಸಿದರೆ ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ. ಮೊದಲ ವಾರ ಬೂದ ಬಾಯಿ ಬಿಗಿಹಿಡಿದು, ಮುಂಗಾಲಿನಿಂದ ಸಿರಿಂಜನ್ನು ತಳ್ಳುತ್ತಿದ್ದ. ಕೊನೆಗೆ ಖಾಲಿ ಸಿರಿಂಜಿನಲ್ಲಿ ಬರೀ ಸಿಹಿ ತಿನಿಸನ್ನು ನೆಕ್ಕಿಸಿ ಅಭ್ಯಾಸ ಮಾಡಿಸಿದೆವು, ಆಮೇಲೆ ಅದೇ ಸಿಹಿಯ ನಡುವೆ ಔಷಧ ಬೆರೆಸಿದೆವು. ಹಾಲಿನ ಪದಾರ್ಥದಲ್ಲಿ ಬೆರೆಸಿ ಕೊಡುವುದು ಹಲವರ ರೂಢಿ, ಆದರೆ ಡಾಕ್ಸಿಸೈಕ್ಲಿನ್ ಕೊಡುತ್ತಿರುವಾಗ ಅದು ಬೇಡ, ಏಕೆಂದರೆ ಕ್ಯಾಲ್ಸಿಯಂ ಆ ಔಷಧವನ್ನು ಕಟ್ಟಿಹಾಕಿ ಮೈಗೆ ಹತ್ತದಂತೆ ಮಾಡುತ್ತದೆ.

ಇಲ್ಲಿ ಎಚ್ಚರಿಕೆ ಬೇಕಾದ ಇನ್ನೊಂದು ಸಂಗತಿಯಿದೆ. ಒಂದೇ ಔಷಧ ಬೇರೆಬೇರೆ ಸಾಂದ್ರತೆಯಲ್ಲಿ ಸಿಗುತ್ತದೆ. ನೋವಿಗೆ ಕೊಡುವ ಮೆಲಾಕ್ಸಿಕ್ಯಾಮ್ ದ್ರಾವಣ ಒಂದು ಮಿಲಿಲೀಟರಿಗೆ 0.5 ಮಿಲಿಗ್ರಾಂ ಇರುವುದೂ ಉಂಟು, 1.5 ಮಿಲಿಗ್ರಾಂ ಇರುವುದೂ ಉಂಟು. ಬಾಟಲಿ ಬದಲಾದಾಗ ಹಳೆಯ ಅಳತೆಯನ್ನೇ ಮುಂದುವರಿಸಿದರೆ ಪ್ರಮಾಣ ಮೂರು ಪಟ್ಟು ಹೆಚ್ಚಬಹುದು ಅಥವಾ ಮೂರನೇ ಒಂದಕ್ಕೆ ಇಳಿಯಬಹುದು. ಚೀಟಿಯಲ್ಲಿ ಮಿಲಿಗ್ರಾಂ ಮತ್ತು ಮಿಲಿಲೀಟರ್ ಎರಡನ್ನೂ ಬರೆಯಿಸಿಕೊಳ್ಳಿ. ಇನ್ನೊಬ್ಬರ ಇಲಿಗೆ ಕೊಟ್ಟ ಅಳತೆಯನ್ನು ನಿಮ್ಮ ಇಲಿಗೆ ಕೊಡಬೇಡಿ; ಆ ಕಾರಣಕ್ಕೇ ನಾನು ಇಲ್ಲಿ ಯಾವ ಪ್ರಮಾಣವನ್ನೂ ಬರೆದಿಲ್ಲ. ಮೆಲಾಕ್ಸಿಕ್ಯಾಮ್ ಮತ್ತು ಪ್ರೆಡ್ನಿಸೊಲೋನ್‌ನಂಥ ಸ್ಟೆರಾಯ್ಡ್ ಎರಡನ್ನೂ ಒಟ್ಟಿಗೆ ಕೊಡುವಂತಿಲ್ಲ, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತಸ್ರಾವವಾಗುತ್ತದೆ. ಮುಂದೆ ಉಸಿರಿಗಾಗಿ ಸ್ಟೆರಾಯ್ಡ್ ಬೇಕೆನಿಸಿದಾಗ ನಡುವೆ ಬಿಡುವು ಕೊಡಬೇಕಾಗಿ ಬಂದು, ಆ ಬಿಡುವಿನಲ್ಲಿ ಬೂದನಿಗೆ ಎರಡೂ ಇಲ್ಲದೆ ಕಷ್ಟವಾಯಿತು. ವೈದ್ಯರು ಬದಲಾದರೆ ಈಗಾಗಲೇ ಏನು ಕೊಡುತ್ತಿದ್ದೀರಿ ಎಂಬುದನ್ನು ಅವರು ಕೇಳುವ ಮುಂಚೆಯೇ ಹೇಳಿ.

ಪಂಜರವನ್ನು ಬದಲಾಯಿಸಿದ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಹಿಂಗಾಲಿನ ಸವೆತಕ್ಕೆ ಔಷಧವಿಲ್ಲದಿದ್ದರೂ ಇಲಿಯ ಬದುಕು ಸಹ್ಯವಾಗುವುದು ಇದರಿಂದಲೇ. ನಾವು ಪಾಲಿಸಿದ ನಿಯಮ ಒಂದೇ: ಯಾವ ಸೌಕರ್ಯ ಮುಂದಿನ ತಿಂಗಳು ಬೇಕಾಗಬಹುದೋ ಅದನ್ನು ಈ ತಿಂಗಳೇ ಮಾಡಿಡುವುದು. ಬೂದ ಇನ್ನೂ ಹತ್ತಬಲ್ಲ ದಿನಗಳಲ್ಲೇ ಎತ್ತರದ ಅಂತಸ್ತುಗಳನ್ನು ಕೆಳಗಿಳಿಸಿದೆವು, ಏಣಿಗಳ ಜಾಗದಲ್ಲಿ ಅಗಲವಾದ, ಬಟ್ಟೆ ಸುತ್ತಿದ ಇಳಿಜಾರು ಹಲಗೆಗಳನ್ನಿಟ್ಟೆವು. ಜೋಲಿಯನ್ನು ನೆಲದಿಂದ ನಾಲ್ಕು ಬೆರಳೆತ್ತರಕ್ಕೆ ಇಳಿಸಿದೆವು. ತಂತಿಯ ನೆಲವಿದ್ದ ಕಡೆಯೆಲ್ಲ ಮೆತ್ತನೆಯ ಉಣ್ಣೆಬಟ್ಟೆ ಹಾಸಿದೆವು, ಏಕೆಂದರೆ ಹಿಮ್ಮಡಿ ಉಜ್ಜಿ ಹುಣ್ಣಾದರೆ ಅದು ಮಾಯಲು ತಿಂಗಳುಗಳೇ ಬೇಕು. ನೀರಿನ ಬಾಟಲಿಯ ಮೂತಿಯನ್ನು ಕೂತಲ್ಲೇ ಎಟಕುವಂತೆ ಇಳಿಸಿ, ಪಕ್ಕದಲ್ಲಿ ಮಗುಚದಂಥ ಭಾರದ ಚಪ್ಪಟೆ ಬಟ್ಟಲನ್ನೂ ಇಟ್ಟೆವು. ಮರದ ಹೊಟ್ಟನ್ನು, ವಿಶೇಷವಾಗಿ ಪೈನ್ ಮತ್ತು ದೇವದಾರಿನಂಥ ಘಾಟಿನ ಮರಗಳದ್ದನ್ನು, ಉಸಿರಾಟದ ತೊಂದರೆಯಿರುವ ಇಲಿಯ ಬಳಿ ಇಡಲೇಬಾರದು. ಕಾಗದದ ಹಾಸು ಸುರಕ್ಷಿತ. ಮೂತ್ರದಿಂದ ಏಳುವ ಅಮೋನಿಯಾ ಶ್ವಾಸಕೋಶವನ್ನು ಕೆಣಕುವುದರಿಂದ ಹಾಸನ್ನು ಮೊದಲಿಗಿಂತ ಹೆಚ್ಚು ಸಲ ಬದಲಿಸತೊಡಗಿದೆವು. ನಮ್ಮ ಮೂಗಿಗೆ ವಾಸನೆ ತಟ್ಟುವ ಹೊತ್ತಿಗೆ ನೆಲಮಟ್ಟದಲ್ಲಿ ಉಸಿರಾಡುವ ಇಲಿಗೆ ಅದು ಆಗಲೇ ವಿಪರೀತವಾಗಿರುತ್ತದೆ.

ಪುಟ್ಟನಿಗೆ ಈ ತಗ್ಗಿನ ಮನೆ ಬೇಸರ ತಂದಿತು. ಅವನಿಗಾಗಿ ದಿನವೂ ಸಂಜೆ ಹೊರಗೆ ಹತ್ತಿ ಕುಣಿಯಲು ಬೇರೆ ಜಾಗ ಮಾಡಿಕೊಟ್ಟೆವು. ಇಬ್ಬರನ್ನೂ ಬೇರ್ಪಡಿಸುವ ಯೋಚನೆ ಒಮ್ಮೆ ಬಂದಿತ್ತಾದರೂ ಬಿಟ್ಟುಬಿಟ್ಟೆವು. ಬೂದನಿಗೆ ತಲುಪದ ಬೆನ್ನನ್ನು, ಕತ್ತನ್ನು ನೆಕ್ಕಿ ಶುಚಿ ಮಾಡುತ್ತಿದ್ದವನು ಪುಟ್ಟನೇ.

ಹಿಂಗಾಲು ಸೋತ ಇಲಿಗೆ ಯಾರೂ ಹೇಳದ ಕೆಲವು ತೊಂದರೆಗಳಿವೆ. ಕಿವಿ ಕೆರೆದುಕೊಳ್ಳಲು ಅದಕ್ಕೆ ಆಗುವುದಿಲ್ಲ, ಆದ್ದರಿಂದ ಕಿವಿಯಲ್ಲಿ ಕೊಳೆ ಕಟ್ಟುತ್ತದೆ. ವಾರಕ್ಕೊಮ್ಮೆ ಒದ್ದೆ ಹತ್ತಿಯಿಂದ ಹೊರಭಾಗವನ್ನಷ್ಟೇ ಒರೆಸಬೇಕು. ನಮ್ಮ ಬೂದನ ಕಿವಿಯ ಹಿಂದೆ ಬೆರಳಿನಿಂದ ಕೆರೆದರೆ ಅವನ ಹಿಂಗಾಲು ಗಾಳಿಯಲ್ಲೇ ತಾನೂ ಕೆರೆಯುತ್ತಿರುವಂತೆ ಅಲುಗುತ್ತಿತ್ತು. ಉಗುರು ಸವೆಯದೆ ಬಾಗಿ ಬೆಳೆಯುತ್ತದೆ, ತುದಿ ಮಾತ್ರ ಕತ್ತರಿಸಬೇಕು. ಹೊಟ್ಟೆಯ ಕೆಳಭಾಗ ಮೂತ್ರದಿಂದ ನೆನೆದು ಚರ್ಮ ಕೆಂಪಾಗುತ್ತದೆ. ಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ ದಿನಕ್ಕೆ ಎರಡು ಸಲ ಒರೆಸಿ, ಪೂರ್ತಿ ಒಣಗಿಸಬೇಕು. ಮಕ್ಕಳಿಗೆ ಹಚ್ಚುವ ಜಿಂಕ್ ಇರುವ ಮುಲಾಮನ್ನು ಬಳಸಬೇಡಿ, ಇಲಿ ಅದನ್ನು ನೆಕ್ಕುತ್ತದೆ. ಗಂಡು ಇಲಿಗಳ ಜನನಾಂಗದ ತುದಿಯಲ್ಲಿ ಸ್ರಾವ ಗಟ್ಟಿಯಾಗಿ ಕಟ್ಟಿಕೊಂಡು ಮೂತ್ರಕ್ಕೆ ಅಡ್ಡಿಯಾಗಬಹುದು. ಅದನ್ನು ಬೆಚ್ಚಗಿನ ನೀರಿನಿಂದ ಮೆದುಮಾಡಿ ತೆಗೆಯುವ ವಿಧಾನವನ್ನು ವೈದ್ಯರಿಂದಲೇ ಕಣ್ಣಾರೆ ನೋಡಿ ಕಲಿಯಿರಿ, ಮುಜುಗರಪಡುವ ವಿಷಯವಲ್ಲ.

ಆಹಾರದ ವಿಚಾರದಲ್ಲಿ ಹೇಳಬೇಕಾದದ್ದು ಕಡಿಮೆ. ವಯಸ್ಸಾದ ಇಲಿಗಳಲ್ಲಿ ಮೂತ್ರಪಿಂಡ ಸೋಲುವುದು ಸಾಮಾನ್ಯವಾದ್ದರಿಂದ ಪ್ರೋಟೀನ್ ಅತಿಯಾಗಬಾರದು. 14 ಶೇಕಡಾದ ಆಸುಪಾಸಿನ ಪ್ರೋಟೀನ್ ಇರುವ ಗುಳಿಗೆ ಆಹಾರವನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿ ಕೊಡುತ್ತಿದ್ದೆವು. ಜಿಗುಟಾದ ತಿನಿಸು ಗಂಟಲಲ್ಲಿ ಸಿಕ್ಕಿಕೊಂಡರೆ ವಾಂತಿ ಮಾಡಲಾರದ ಪ್ರಾಣಿಗೆ ಅದು ದೊಡ್ಡ ಸಂಕಟ. ಮೆತ್ತನೆಯ ಆಹಾರದಿಂದ ಬಾಚಿಹಲ್ಲು ಸವೆಯುವುದು ಕಡಿಮೆಯಾಗುತ್ತದೆ, ಅವು ಜೀವನಪೂರ್ತಿ ಬೆಳೆಯುವ ಹಲ್ಲುಗಳಾದ್ದರಿಂದ ಆಗಾಗ ತುಟಿ ಸರಿಸಿ ನೋಡಬೇಕು.

ಖರ್ಚಿನ ಮಾತು. ಇಲಿಯನ್ನು ತಂದ ಬೆಲೆಯ ಎಷ್ಟೋ ಪಟ್ಟು ಮೊದಲ ಭೇಟಿಯಲ್ಲೇ ಕೈಬಿಟ್ಟಿತು. ಅದನ್ನು ಕೇಳಿದ ಬಂಧುಗಳು ‘ಒಂದು ಇಲಿಗೆ ಇಷ್ಟೊಂದೇ?’ ಎಂದು ನಕ್ಕರು. ನಗುವುದು ಅವರ ಹಕ್ಕು, ನಾನು ವಾದಕ್ಕೆ ಇಳಿಯಲಿಲ್ಲ. ಆದರೆ ಖರ್ಚಿನ ಸ್ವರೂಪ ಮೊದಲೇ ತಿಳಿದಿದ್ದರೆ ಒಳ್ಳೆಯದು: ಔಷಧದ ದರ ದೊಡ್ಡದಲ್ಲ, ಏಕೆಂದರೆ ಸಣ್ಣ ದೇಹಕ್ಕೆ ಬೇಕಾಗುವುದು ಹನಿಗಳಷ್ಟು. ದುಬಾರಿಯಾಗುವುದು ಎಕ್ಸ್‌ರೇ, ಅರಿವಳಿಕೆ, ಮತ್ತೆಮತ್ತೆ ಹೋಗುವ ಭೇಟಿಗಳು, ಎಲ್ಲಕ್ಕಿಂತ ಹೆಚ್ಚಾಗಿ ರಾತ್ರಿಯ ತುರ್ತು ಭೇಟಿ. ಪ್ರತಿ ಪರೀಕ್ಷೆಗೂ ಮುಂಚೆ ‘ಇದರ ಫಲಿತಾಂಶದಿಂದ ಚಿಕಿತ್ಸೆ ಬದಲಾಗುತ್ತದೆಯೇ?’ ಎಂದು ಕೇಳುವುದನ್ನು ನಾನು ರೂಢಿಸಿಕೊಂಡೆ. ಬದಲಾಗುವುದಿಲ್ಲ ಎಂದಾದರೆ ಆ ಪರೀಕ್ಷೆ ಬಿಡುವುದರಿಂದ ಹಣ ಉಳಿಯುವುದಕ್ಕಿಂತ ಹೆಚ್ಚಾಗಿ ಇಲಿಯ ಆಯಾಸ ತಪ್ಪುತ್ತದೆ. ಹೆಣ್ಣು ಇಲಿ ಸಾಕಿರುವವರಿಗೆ ಒಂದು ಮಾತು: ಅವುಗಳಲ್ಲಿ ಸ್ತನದ ಗೆಡ್ಡೆ ಬಹಳ ಸಾಮಾನ್ಯ, ಕತ್ತಿನಿಂದ ತೊಡೆಯ ಸಂದಿನವರೆಗೆ ಎಲ್ಲಿ ಬೇಕಾದರೂ ಬರಬಹುದು. ಹೆಚ್ಚಿನವು ಕ್ಯಾನ್ಸರ್ ಅಲ್ಲದ ಗೆಡ್ಡೆಗಳು. ಗೋಲಿಯಷ್ಟು ಗಾತ್ರವಿದ್ದಾಗಲೇ ತೆಗೆಸಿದರೆ ಶಸ್ತ್ರಚಿಕಿತ್ಸೆ ಸಣ್ಣದು, ಬೆಳೆಯಲು ಬಿಟ್ಟರೆ ಅದೇ ಇಲಿಯ ತೂಕದ ದೊಡ್ಡ ಪಾಲಾಗಿಬಿಡುತ್ತದೆ.

ನೋವಿದೆಯೇ ಇಲ್ಲವೇ ಎಂದು ತಿಳಿಯುವುದು ನನ್ನನ್ನು ಬಹಳ ಕಾಡಿದ ಪ್ರಶ್ನೆ. ಇಲಿ ತನ್ನ ಸಂಕಟವನ್ನು ಬಚ್ಚಿಡುತ್ತದೆ, ಹೊರಗೆಡಹಿದರೂ ನಮಗೆ ಕೇಳುವುದಿಲ್ಲ: ಭಯ, ಸಂಕಟಗಳಲ್ಲಿ ಅದು ಹೊರಡಿಸುವ ಕೂಗು ಸುಮಾರು 22 ಕಿಲೊಹರ್ಟ್ಸ್ ಆವರ್ತನದ್ದು, ಮನುಷ್ಯನ ಕಿವಿಯ ಮಿತಿ 20. ಆದ್ದರಿಂದ ಸದ್ದಿಲ್ಲವೆಂದರೆ ನೋವಿಲ್ಲವೆಂದು ತಿಳಿಯುವಂತಿಲ್ಲ, ಮುಖವನ್ನು ನೋಡಬೇಕು. ಇಲಿಯ ಮುಖಚಹರೆಯಿಂದ ನೋವನ್ನು ಅಳೆಯುವ ಮಾಪನವೊಂದನ್ನು ಸಂಶೋಧಕರು 2011ರಲ್ಲಿ ಪ್ರಕಟಿಸಿದ್ದಾರೆ. ಕಣ್ಣು ಕಿರಿದಾಗುವುದು, ಮೂಗು ಮತ್ತು ಕೆನ್ನೆಯ ಉಬ್ಬು ಚಪ್ಪಟೆಯಾಗುವುದು, ಕಿವಿ ಮಡಚಿ ಹೊರಕ್ಕೆ ತಿರುಗುವುದು, ಮೀಸೆ ಸೆಟೆದುಕೊಳ್ಳುವುದು, ಈ ನಾಲ್ಕನ್ನು ಅದರಲ್ಲಿ ಗಮನಿಸುತ್ತಾರೆ. ಬೂದ ಆರಾಮವಾಗಿದ್ದಾಗ ತೆಗೆದ ಫೋಟೊಗಳ ಪಕ್ಕದಲ್ಲಿ ಆ ದಿನದ ಫೋಟೊ ಇಟ್ಟು ಹೋಲಿಸುತ್ತಿದ್ದೆ.

ಚಳಿ ಹೆಚ್ಚಿದ ದಿನಗಳಲ್ಲಿ ಉಸಿರು ಮತ್ತೆ ಕೆಟ್ಟಿತು. ನೆಮ್ಮದಿಯಿಂದಿರುವ ಇಲಿಯ ಉಸಿರು ನಿಮಿಷಕ್ಕೆ ಸುಮಾರು 70ರಿಂದ 115 ಇರುತ್ತದೆ. ಕಣ್ಣಿನಿಂದ ಎಣಿಸಲು ಆಗದು, ಮಲಗಿದ್ದಾಗ ವಿಡಿಯೊ ತೆಗೆದು ನಿಧಾನಗತಿಯಲ್ಲಿ ನೋಡಿ ಎಣಿಸಬೇಕು. ಬೂದನ ಎಣಿಕೆ ಅದನ್ನು ಮೀರಿತ್ತು, ಪಕ್ಕೆಗಳು ಒಳಕ್ಕೆ ಸೆಳೆಯುತ್ತಿದ್ದವು. ಹೃದಯವೂ ದೊಡ್ಡದಾಗಿದೆ ಎಂದು ವೈದ್ಯೆ ಹೇಳಿ, ಶ್ವಾಸಕೋಶದಲ್ಲಿ ನಿಂತ ನೀರಿಗೆ ಫ್ಯುರೊಸೆಮೈಡ್ ಕೊಟ್ಟರು, ಮನೆಯಲ್ಲಿ ನೆಬುಲೈಜರ್‌ನಿಂದ ಔಷಧದ ಹಬೆ ಕೊಡುವುದನ್ನು ಕಲಿಸಿದರು. ಗಾಳಿಯಾಡುವ ಸಣ್ಣ ಪೆಟ್ಟಿಗೆಯಲ್ಲಿ ಅವನನ್ನು ಕೂರಿಸಿ ಮಂಜನ್ನು ಒಳಗೆ ಬಿಡುತ್ತಿದ್ದೆವು. ಮೊದಲು ಹೆದರಿದ, ಆಮೇಲೆ ಅದರೊಳಗೇ ನಿದ್ದೆ ಮಾಡತೊಡಗಿದ. ಕೆಲವು ವಾರ ಚೆನ್ನಾಗಿಯೇ ಇದ್ದ. ವಯಸ್ಸೆಂದು ಕೈಚೆಲ್ಲಿದ್ದರೆ ಆ ವಾರಗಳು ಸಿಗುತ್ತಿರಲಿಲ್ಲ.

ಆಮೇಲೆ ಔಷಧ ಹಿಡಿಯುವುದು ನಿಂತಿತು. ಯಾವಾಗ ಸಾಕೆನ್ನಬೇಕು ಎಂಬುದಕ್ಕೆ ವೈದ್ಯೆ ಹೇಳಿದ್ದ ಒಂದು ಉಪಾಯವನ್ನು ಪಾಲಿಸಿದ್ದೆವು: ಅವನು ಇಷ್ಟಪಟ್ಟು ಮಾಡುವ ಮೂರು ಕೆಲಸಗಳನ್ನು ಆರೋಗ್ಯವಿದ್ದಾಗಲೇ ಬರೆದಿಡಿ, ಅವುಗಳಲ್ಲಿ ಎರಡು ನಿಂತರೆ ನನಗೆ ಫೋನು ಮಾಡಿ ಎಂದಿದ್ದರು. ಧ್ವನಿ ಕೇಳಿದರೆ ಬಾಗಿಲಿಗೆ ಬರುವುದು, ಪುಟ್ಟನ ಮೈಮೇಲೆ ಒರಗಿ ಮಲಗುವುದು, ಸಿಹಿ ಕಂಡರೆ ಕೈಚಾಚುವುದು ಎಂದು ಬರೆದಿದ್ದೆವು. ಬಾಗಿಲಿಗೆ ಬರುವುದು ಮೊದಲೇ ನಿಂತಿತ್ತು. ಒಂದು ಬೆಳಿಗ್ಗೆ ಸಿಹಿಯನ್ನು ಮೂಸಿ ಮುಖ ತಿರುಗಿಸಿದ. ಕಾಗದದಲ್ಲಿ ಮುಂಚೆಯೇ ಬರೆದಿದ್ದರಿಂದ ಮನೆಯಲ್ಲಿ ವಾದ ನಡೆಯಲಿಲ್ಲ, ಅಳು ಮಾತ್ರ ಬಂತು.

ದಯಾಮರಣಕ್ಕೆ ಒಪ್ಪುವ ಮುನ್ನ ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಮೊದಲು ಅನಿಲದಿಂದ ಪೂರ್ತಿ ಪ್ರಜ್ಞೆ ತಪ್ಪಿಸಿ, ಆಮೇಲೆ ಚುಚ್ಚುಮದ್ದು ಕೊಡುತ್ತೀರಾ? ಎಚ್ಚರವಿರುವ ಇಲಿಯ ಹೃದಯಕ್ಕೆ ಚುಚ್ಚುವುದು ನೋವಿನ ಕ್ರಿಯೆ, ಅದಕ್ಕೆ ಒಪ್ಪಬಾರದು. ನಮ್ಮ ವೈದ್ಯೆ ಕೇಳುವ ಮುಂಚೆಯೇ ಇದನ್ನು ಹೇಳಿದರು. ಉಸಿರಾಟದ ತೊಂದರೆಯಿದ್ದುದರಿಂದ ಅನಿಲದ ಪೆಟ್ಟಿಗೆಗೆ ಮೊದಲು ಆಮ್ಲಜನಕ ತುಂಬಿದರು. ಬೂದ ನಿದ್ದೆಹೋದ ಮೇಲೆ ಪೆಂಟೊಬಾರ್ಬಿಟಾಲ್ ಚುಚ್ಚುಮದ್ದು ಕೊಟ್ಟರು. ಎಲ್ಲ ಮುಗಿಯುವವರೆಗೂ ನಮಗೆ ಜೊತೆಗಿರಲು ಬಿಟ್ಟರು. ಎಲ್ಲ ಕಡೆಯೂ ಹೀಗೆ ಬಿಡುವುದಿಲ್ಲ, ಜೊತೆಗಿರಬೇಕೆಂದಿದ್ದರೆ ಸಮಯ ಗೊತ್ತುಮಾಡುವಾಗಲೇ ತಿಳಿಸಿ. ಹಣ ಪಾವತಿಯನ್ನು ಮೊದಲೇ ಮುಗಿಸಿಬಿಡಿ, ಅದಾದ ಮೇಲೆ ಖಾಲಿ ಪೆಟ್ಟಿಗೆ ಹಿಡಿದು ಸರತಿಯಲ್ಲಿ ನಿಲ್ಲುವುದು ಬಹಳ ಕಷ್ಟ.

ದೇಹವನ್ನು ಮನೆಗೆ ತಂದು ಪುಟ್ಟನ ಪಕ್ಕದಲ್ಲಿ ಸ್ವಲ್ಪ ಹೊತ್ತು ಇಟ್ಟೆವು. ಅವನು ಮೂಸಿ, ಕಿವಿಯ ಬಳಿ ಒಂದೆರಡು ಸಲ ನೆಕ್ಕಿ, ದೂರ ಹೋಗಿ ಕುಳಿತ. ಹೀಗೆ ತೋರಿಸಿದರೆ ಉಳಿದ ಇಲಿ ಹುಡುಕಾಡುವುದು ಕಡಿಮೆಯಾಗುತ್ತದೆ ಎನ್ನುತ್ತಾರೆ. ಪುಟ್ಟನ ಮಟ್ಟಿಗೆ ಹುಡುಕಾಟ ಕಾಣಲಿಲ್ಲ, ಆದರೆ ಊಟ ಕೆಲವು ದಿನ ತಗ್ಗಿತು. ಒಂಟಿ ಇಲಿಯನ್ನು ಒಂಟಿಯಾಗಿಯೇ ಬಿಡುವಂತಿಲ್ಲ. ಹೊಸ ಜೊತೆಗಾರರನ್ನು ತರುವುದಾದರೆ ಒಂದೇ ಮರಿಗಿಂತ ಎರಡು ಮರಿಗಳು ಮೇಲು, ಅವು ತಮ್ಮತಮ್ಮಲ್ಲೇ ಕುಸ್ತಿಯಾಡಿಕೊಂಡು ಹಿರಿಯನಿಗೆ ವಿಶ್ರಾಂತಿ ಕೊಡುತ್ತವೆ. ತಂದ ಮರಿಗಳನ್ನು ಮೊದಲ ಎರಡು ವಾರ ಬೇರೆ ಕೋಣೆಯಲ್ಲಿಟ್ಟು, ಸೀನು ಅಥವಾ ಚರ್ಮದ ಹುಳು ಇಲ್ಲವೆಂದು ನೋಡಿಕೊಂಡು, ಆಮೇಲೆ ಇಬ್ಬರಿಗೂ ಹೊಸದಾದ ಜಾಗದಲ್ಲಿ ಭೇಟಿ ಮಾಡಿಸಬೇಕು.

ಉಳಿದ ಔಷಧಗಳನ್ನು ಮುಂದಿನ ಇಲಿಗೆಂದು ಕಪಾಟಿನಲ್ಲಿ ಇಟ್ಟುಕೊಳ್ಳಬೇಡಿ. ಬೆರೆಸಿ ತಯಾರಿಸಿದ ದ್ರಾವಣಗಳ ಅವಧಿ ಕೆಲವೇ ವಾರ, ಅರ್ಧ ಮುಗಿದ ಆಂಟಿಬಯಾಟಿಕ್ ಮುಂದೆ ಉಪಯೋಗಕ್ಕಿಂತ ಅಪಾಯವೇ ಹೆಚ್ಚು; ನಾವು ಎಲ್ಲವನ್ನೂ ಚಿಕಿತ್ಸಾಲಯಕ್ಕೆ ಹಿಂದಿರುಗಿಸಿದೆವು. ನೆಬುಲೈಜರ್, ಸಿರಿಂಜುಗಳು, ಇಳಿಜಾರು ಹಲಗೆಗಳನ್ನು ಮಾತ್ರ ತೊಳೆದು ಇಟ್ಟುಕೊಂಡಿದ್ದೇವೆ. ಪುಟ್ಟನಿಗೆ ಈಗ ಒಂದೂವರೆ ವರ್ಷವಾಗುತ್ತ ಬಂದಿದೆ. ಮುಂದಿನ ವಾರ ಅವನ ಎದೆ ಪರೀಕ್ಷೆಗೆ ಸಮಯ ಗೊತ್ತಾಗಿದೆ.